ವಿಂಡೋಸ್ ಏಳದ ಲ್ಯಾಪ್‌ಟಾಪಿಂದ ಫೈಲ್ ತೆಗೀಲಿಕ್ಕೆ ಲಿನಕ್ಸ್ ಮಿಂಟ್ ಪೆನ್‌ಡ್ರೈವ್: ಉಪಯೋಗಿಸಿ ನೋಡಿ ಬರೆದದ್ದು

ಮಾರ್ಕು ಮೊದಲೇ ಹೇಳಿಬಿಡ್ತೇನೆ, ಐದರಲ್ಲಿ ನಾಲ್ಕು. ಅದೂ ಫೈಲ್ ಬ್ಯಾಕಪ್ ತೆಗೆಯುವ ಕೆಲಸಕ್ಕೆ ಮಾತ್ರ. ಲಿನಕ್ಸ್ ಮಿಂಟ್ ಅಂದ್ರೆ ವಿಂಡೋಸಿನ ಬದಲಿಗೆ ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಮಿಂಟಲ್ಲಿ ಟ್ಯಾಲಿ ಓಡ್ತದಾ, ಫೋಟೋಶಾಪ್ ಬರ್ತದಾ, ದಿನಾ ಉಪಯೋಗಿಸಿದ್ರೆ ಹೇಗೆ ಅಂತೆಲ್ಲ ಕೇಳುವವರಿಗೆ ಇಲ್ಲಿ ಎಂತದೂ ಸಿಕ್ಕುವುದಿಲ್ಲ. ವಿಂಡೋಸ್ ಆನ್ ಆಗ್ತಾ ಇಲ್ಲ, ಒಳಗೆ ಮಗುವಿನ ಫೋಟೋ ಉಂಟು, ಸಂಘದ ಲೆಕ್ಕ ಉಂಟು, ಅಂಗಡಿಯವ ಫಾರ್ಮ್ಯಾಟ್ ಫಾರ್ಮ್ಯಾಟ್ ಅಂತ ಹೇಳ್ತಾ ಇದ್ದಾನೆ, ಈಗ ಎಂತ ಮಾಡುವುದು ಅಂತ ತಲೆಬಿಸಿಯಲ್ಲಿ ಕೂತವರಿಗಾಗಿ ಬರೆದದ್ದು ಇದು.

ನನ್ನ ಕೈಗೆ ಬಂದದ್ದು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಇರುವ ದೊಡ್ಡಮಾವನ ಲ್ಯಾಪ್‌ಟಾಪ್. ಅವರು ಕನ್ನಡ ಮಾಷ್ಟ್ರಾಗಿದ್ದು ರಿಟೈರ್ ಆದವರು, ಅದರೊಳಗೆ ಎಂತೆಂತ ಉಂಟು ಅಂದ್ರೆ ಹಳೇ ಕ್ಯಾಸೆಟಿಂದ ಎಂಪಿ3 ಮಾಡಿದ ತಾಳಮದ್ದಳೆಗಳು, ಊರಿನ ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆಗೆ ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಲೇಖನಗಳು, ಮೊಮ್ಮಕ್ಕಳ ಫೋಟೋ, ಜಾಗದ ದಾಖಲೆಗಳ ಸ್ಕ್ಯಾನು. ಒಂದು ದಿನ ಅಪ್‌ಡೇಟ್ ಅಂತ ತಿರುಗಿದ್ದು ತಿರುಗಿದ್ದೇ, ಆಮೇಲೆ ಯಾವಾಗ ಆನ್ ಮಾಡಿದ್ರೂ ಆಟೋಮ್ಯಾಟಿಕ್ ರಿಪೇರ್ ಅಂತ ಹೇಳಿ ಪುನಃ ಅಲ್ಲಿಗೇ ಬಂದು ನಿಲ್ತದೆ. ಪೇಟೆಯ ಒಂದು ಅಂಗಡಿಗೆ ಕೊಂಡೋದ್ರೆ ಐದು ನಿಮಿಷ ನೋಡಿ "ಮಾಷೇ, ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಿ ಹೊಸತು ಹಾಕ್ಬೇಕು, ಒಳಗಿದ್ದದ್ದು ಹೋಗ್ತದೆ" ಅಂತ. ದೊಡ್ಡಮಾವ "ಒಳಗಿದ್ದದ್ದನ್ನು ಕಳೀಲಿಕ್ಕೆ ನಿನ್ನ ಹತ್ರ ಯಾಕೆ ಬರ್ಬೇಕು, ಅದು ನನಗೇ ಆಗ್ತದಲ್ಲ" ಅಂತ ಹೇಳಿ ಬ್ಯಾಗಿಗೆ ಹಾಕಿಕೊಂಡು ಸೀದಾ ಬಂದದ್ದು ನಮ್ಮಲ್ಲಿಗೆ.

ವಿಂಡೋಸ್ ಏಳುವುದಿಲ್ಲ ಅಂದ್ರೆ ಸಾಧಾರಣ ವಿಂಡೋಸಿನ ಫೈಲುಗಳು ಎಲ್ಲೋ ಕೆಟ್ಟಿವೆ ಅಂತ ಅಷ್ಟೇ ಅರ್ಥ, ನಮ್ಮ ಫೋಟೋ ಡಾಕ್ಯುಮೆಂಟ್ ಅದೇ ಡಿಸ್ಕಲ್ಲಿ ಇದ್ದಲ್ಲೇ ಇರ್ತದೆ. ಅದಕ್ಕೆ ಫಾರ್ಮ್ಯಾಟ್ ಮಾಡುವುದು ಅಂದ್ರೆ ಬಸ್ಸಿನ ಇಂಜಿನ್ ಕೆಟ್ಟದ್ದಕ್ಕೆ ಟಾಪಲ್ಲಿದ್ದ ಅಡಿಕೆ ಗೋಣಿಯನ್ನೂ ಗುಜರಿಗೆ ಹಾಕಿದ ಹಾಗೆ. ಪೆನ್‌ಡ್ರೈವಿಂದಲೇ ಓಡುವ ಬೇರೆ ಆಪರೇಟಿಂಗ್ ಸಿಸ್ಟಮ್ ಒಂದು ಹಾಕಿ ಕಂಪ್ಯೂಟರ್ ಆನ್ ಮಾಡಿದ್ರೆ ಒಳಗಿನ ವಿಂಡೋಸನ್ನು ಎಬ್ಬಿಸುವ ಕೆಲಸವೇ ಇಲ್ಲ, ಡಿಸ್ಕನ್ನು ಸುಮ್ಮನೆ ಒಂದು ಫೋಲ್ಡರ್ ತೆರೆದ ಹಾಗೆ ತೆರೆದು ಬೇಕಾದದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಕೊಳ್ಳಬಹುದು. ಇದು ಹೊಸ ವಿದ್ಯೆ ಎಂತ ಅಲ್ಲ, 2000ದ ಹೊತ್ತಿಗೆ ಕ್ನಾಪಿಕ್ಸ್ ಅಂತ ಸಿಡಿಯಿಂದ ಓಡುವ ಲಿನಕ್ಸ್ ಬಂದಾಗಿಂದ ಗೊತ್ತಿದ್ದವರು ಮಾಡ್ತಾ ಇದ್ದಾರೆ.

ಡಿಸ್ಕನ್ನು ಬಿಚ್ಚಿ ಕೇಸಿಗೆ ಹಾಕಿ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದ್ರೆ ಆಗುವುದಿಲ್ವಾ ಅಂತ ಕೆಲವರು ಕೇಳ್ತಾರೆ. ಆಗ್ತದೆ, ಆದ್ರೆ ವಿಂಡೋಸಿಗೆ ಸುಮ್ಮನೆ ಕೂತುಕೊಳ್ಳಲಿಕ್ಕೆ ಗೊತ್ತಿಲ್ಲ ಮಾರಾಯ್ರೆ. ಸಿಕ್ಕಿಸಿದ ಕೂಡ್ಲೇ ಸ್ಕ್ಯಾನ್ ಮಾಡಿ ಸರಿ ಮಾಡ್ಲಾ ಅಂತ ಕೇಳ್ತದೆ, ಕೆಲವು ಸಲ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡ್ಬೇಕು ಅಂತ ದೊಡ್ಡ ಬಾಕ್ಸ್ ತೋರಿಸ್ತದೆ, ಅವಸರದಲ್ಲಿ ಎಂಟರ್ ಒತ್ತಿದ್ರೆ ಕಥೆ ಮುಗೀತು. ಅದೂ ಅಲ್ಲದೆ ಬೇರೆ ಯೂಸರಿನ ಫೋಲ್ಡರ್ ತೆರೀಲಿಕ್ಕೆ ಪರ್ಮಿಶನ್ ಇಲ್ಲ ಅಂತ ತಕರಾರು. ಲಿನಕ್ಸಿಗೆ ಆ ಪರ್ಮಿಶನ್ ತಲೆಬಿಸಿ ಇಲ್ಲ, ಯಾರ ಫೋಲ್ಡರ್ ಆದ್ರೂ ತೆರೀತದೆ. ಇನ್ನೊಂದು ದೊಡ್ಡ ಲಾಭ ಉಂಟು, ಡಿಟಿಪಿ ಅಂಗಡಿ, ಫೋಟೋಸ್ಟ್ಯಾಟ್ ಅಂಗಡಿಗಳ ಕಂಪ್ಯೂಟರಿಂದ ಪೆನ್‌ಡ್ರೈವಿಗೆ ಹತ್ತುವ ಶಾರ್ಟ್‌ಕಟ್ ವೈರಸ್ ಗೊತ್ತುಂಟಲ್ಲ, ಫೋಲ್ಡರೆಲ್ಲ ಮಾಯ ಆಗಿ ಶಾರ್ಟ್‌ಕಟ್ ಮಾತ್ರ ಉಳಿಯುವುದು, ಅದು ನಿಜವಾಗಿ ಫೋಲ್ಡರನ್ನು ಅಡಗಿಸಿ ಇಡುವುದು ಅಷ್ಟೇ. ಲಿನಕ್ಸಲ್ಲಿ ತೆರೆದ್ರೆ ಅಡಗಿದ ಫೋಲ್ಡರೂ ಕಾಣ್ತದೆ, ವೈರಸ್ಸಿನ ಫೈಲೂ ಪಕ್ಕದಲ್ಲಿ ಕಾಣ್ತದೆ, ಅದು ವಿಂಡೋಸಿಗೆ ಬರೆದ ವೈರಸ್ ಆದ ಕಾರಣ ಇಲ್ಲಿ ಅದಕ್ಕೆ ಕೆಲಸ ಇಲ್ಲ.

ಪೆನ್‌ಡ್ರೈವ್ ಮಾಡುವ ವಿಷಯ ಹೆಚ್ಚು ಹೇಳುವುದಿಲ್ಲ, ವಿಡಿಯೋಗಳು ಬೇಕಾದಷ್ಟು ಉಂಟು. ಮಿಂಟಿನ ವೆಬ್‌ಸೈಟಿಂದ ಸಿನ್ನಮನ್ ಎಡಿಶನ್ ಇಳಿಸಿ, ಸುಮಾರು 3 ಜಿಬಿ ಹತ್ತಿರ ಇರ್ತದೆ, ದುಡ್ಡು ಕೊಡ್ಲಿಕ್ಕೆ ಇಲ್ಲ. ರುಫಸ್ ಅಥವಾ ಎಚರ್ ಅನ್ನುವ ಪ್ರೋಗ್ರಾಮ್ ಹಾಕಿ 8 ಜಿಬಿ ಪೆನ್‌ಡ್ರೈವಿಗೆ ಬರೀರಿ, ಪೆನ್‌ಡ್ರೈವಲ್ಲಿ ಮೊದಲಿದ್ದದ್ದು ಎಲ್ಲ ಅಳಿಸಿ ಹೋಗ್ತದೆ ಅಂತ ನೆನಪಿಟ್ಟುಕೊಂಡ್ರೆ ಆಯ್ತು. ನಾನು ವೆಂಟಾಯ್ ಹಾಕಿದ್ದೇನೆ, ಅದರಲ್ಲಿ ಒಂದೇ ಪೆನ್‌ಡ್ರೈವಿಗೆ ಮೂರು ನಾಲ್ಕು ಐಎಸ್‌ಒ ಫೈಲು (ಹೀಗೆ ಇಳಿಸಿದ ಸಿಸ್ಟಮ್ಮಿನ ಫೈಲು) ಸುಮ್ಮನೆ ಕಾಪಿ ಮಾಡಿ ಇಟ್ಟುಕೊಳ್ಳಬಹುದು, ಆನ್ ಮಾಡುವಾಗ ಯಾವುದು ಬೇಕು ಅಂತ ಕೇಳ್ತದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇದ್ದ ಸಿಸ್ಟಮನ್ನು ಮಾತ್ರ ಏಳ್ಲಿಕ್ಕೆ ಬಿಡುವ ಕಾವಲು) ಇರುವ ಮೆಷಿನಲ್ಲಿ ವೆಂಟಾಯ್ ಮೊದಲನೇ ಸಲ ಒಂದು ನೀಲಿ ಸ್ಕ್ರೀನ್ ತೋರಿಸಿ ಕೀ ಎನ್‌ರೋಲ್ ಮಾಡ್ಲಿಕ್ಕೆ ಹೇಳ್ತದೆ, ಅದು ಕಿರಿಕಿರಿ ಅನ್ನಿಸಿದ್ರೆ ಮಿಂಟ್ ಒಂದನ್ನೇ ಬರೆದಿಟ್ಟುಕೊಳ್ಳಿ, ಮಿಂಟ್ ಸೆಕ್ಯೂರ್ ಬೂಟ್ ಆನ್ ಇದ್ರೂ ಏಳ್ತದೆ. ಹಳೇ ಐಎಸ್‌ಒ ಮಾತ್ರ ಬೇಡ. 2024ರ ಆಗಸ್ಟಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಳೇ ಲಿನಕ್ಸ್ ಪೆನ್‌ಡ್ರೈವುಗಳು ಕೆಲವು ಮೆಷಿನಲ್ಲಿ ಸೆಕ್ಯೂರಿಟಿ ಎರರ್ ತೋರಿಸಿ ನಿಂತುಬಿಟ್ಟಿದ್ದವು, ಹೊಸತು ಇಳಿಸಿದ್ರೆ ಆ ರಗಳೆ ಇಲ್ಲ.

ಪೆನ್‌ಡ್ರೈವಿಂದ ಏಳಿಸ್ಲಿಕ್ಕೆ ಆನ್ ಮಾಡುವಾಗಲೇ ಬೂಟ್ ಮೆನು ತೆರೀಬೇಕು, ಅದಕ್ಕೆ ಲೆನೊವೊ, ಡೆಲ್ ಆದ್ರೆ ಎಫ್ 12, ಎಚ್‌ಪಿ ಆದ್ರೆ ಎಸ್ಕೇಪ್ ಒತ್ತಿ ಎಫ್ 9, ಅಸೂಸಿಗೆ ಎಸ್ಕೇಪ್. ಏಸರಲ್ಲಿಯೂ ಎಫ್ 12, ಆದ್ರೆ ಕೆಲವು ಮಾಡೆಲಲ್ಲಿ ಬಯಾಸಿಗೆ (ಕಂಪ್ಯೂಟರಿನ ಮೂಲ ಸೆಟ್ಟಿಂಗಿಗೆ) ಹೋಗಿ ಅದನ್ನು ಮೊದಲು ಎನೇಬಲ್ ಮಾಡ್ಬೇಕಾಗ್ತದೆ. ಸ್ಕ್ರೀನ್ ಕಪ್ಪಾಗಿ ನಿಂತ್ರೆ ಮೆನುವಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಂತ ಇನ್ನೊಂದು ಸಾಲು ಉಂಟು, ಅದನ್ನು ಒತ್ತಿ.

ಮಿಂಟ್ ಎದ್ದ ಮೇಲೆ ಡೆಸ್ಕ್‌ಟಾಪಿನ ಮೇಲೆ ಒಂದು ಸಿಡಿ ಚಿತ್ರ ಕಾಣ್ತದೆ, ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಅಂತ. ಅದರ ಸುದ್ದಿಗೆ ಹೋಗ್ಲೇಬೇಡಿ. ಫೈಲ್ ಉಳಿಸ್ಲಿಕ್ಕೆ ಬಂದವರಿಗೆ ಕಣ್ಣೆದುರೇ ಡಿಸ್ಕ್ ಪೂರ್ತಿ ಅಳಿಸುವ ಬಾಗಿಲು ತೆರೆದಿಟ್ಟದ್ದು ಸರಿಯಾ ಅಂತ ನನಗೆ ಈಗಲೂ ಡೌಟು, ಅರ್ಧ ಮಾರ್ಕು ಅಲ್ಲಿಯೇ ಹೋಯ್ತು. ಎರಡನೇದು, ಈ ಡೆಸ್ಕ್‌ಟಾಪ್ ಇರುವುದು ರ‍್ಯಾಮಲ್ಲಿ. ಫೋಟೋಗಳನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ಅಬ್ಬ ಉಳೀತು ಅಂತ ಆಫ್ ಮಾಡಿದ್ರೆ ಎಲ್ಲ ಗಾಳಿಗೆ. ಕಾಪಿ ಆಗ್ಬೇಕಾದದ್ದು ಎಕ್ಸ್‌ಟರ್ನಲ್ ಡಿಸ್ಕಿಗೇ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು. ಲಿನಕ್ಸ್ ಅಂದ ಕೂಡ್ಲೇ ಹೆದರುವವರು ನಮ್ಮಂಥ ದೊಡ್ಡವರೇ, ಕಾಸರಗೋಡಿನ ಶಾಲೆ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬಲ್ಲಿ ಇರುವುದು ರಾಜ್ಯದ ಶಾಲಾ ಐಟಿ ಸಂಸ್ಥೆ ಕೈಟ್‌ನವರು ಉಬುಂಟುವಿನ ಮೇಲೆ ಮಾಡಿದ ಗ್ನೂ ಲಿನಕ್ಸ್, ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದದ್ದು 2017ರಲ್ಲಿ ಕೈಟ್ ಆದದ್ದು, ಕನ್ನಡ ಮೀಡಿಯಮ್ಮಿನ ಮಕ್ಕಳಿಗೆ ಅದರ ಪಾಠಪುಸ್ತಕ ಕನ್ನಡದಲ್ಲೇ ಉಂಟು, ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆಯೂ ಲಿನಕ್ಸಲ್ಲೇ. ನಮ್ಮ ಅಕ್ಕನ ಮಗಳು ಒಂಬತ್ತನೇಲಿ ಇದ್ದಾಳೆ, ಶಾಲೆಯ ಐಟಿ ಕ್ಲಬ್ ಲಿಟ್ಲ್ ಕೈಟ್ಸಲ್ಲಿಯೂ ಇದ್ದಾಳೆ, ಹಿಂದಿಂದ ಬಂದು ಇಣುಕಿ "ಮಾವ, ಇದು ನಮ್ಮ ಲ್ಯಾಬಿನ ಹಾಗೇ ಉಂಟಲ್ಲ, ಡಿಸ್ಕ್ ಎಡಗಡೆ ಕಾಣ್ತದೆ ನೋಡಿ" ಅಂತ ನನಗಿಂತ ಮೊದಲು ಮೌಸ್ ಹಿಡಿದದ್ದು. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅಂಗಡಿಯವನಿಗಿಂತ ಅಡ್ಡಿಲ್ಲ.

ಈಗ ನಿಜವಾದ ಕೆಲಸ. ಎಡಗಡೆ 500 ಜಿಬಿ ವಾಲ್ಯೂಮ್ ಅಂತ ಏನೋ ಒಂದು ಕಾಣ್ತದೆ. ಎಕ್ಸ್‌ಟರ್ನಲ್ ಡಿಸ್ಕೂ ಅದೇ ಸೈಜಿದ್ದು ಅದಕ್ಕೆ ಹೆಸರು ಇಡದೆ ಇದ್ರೆ ಅದೂ 500 ಜಿಬಿ ವಾಲ್ಯೂಮ್ ಅಂತಲೇ ಕಾಣ್ತದೆ, ಯಾವುದು ಮನೆಯದ್ದು ಯಾವುದು ನೆಂಟರದ್ದು ಅಂತ ಗೊತ್ತಾಗುವುದಿಲ್ಲ. ಮೊದಲೇ ಎಕ್ಸ್‌ಟರ್ನಲಿಗೆ ಬ್ಯಾಕಪ್ ಅಂತ ಹೆಸರು ಕೊಟ್ಟಿಡಿ. ಒಳಗಿನ ಡಿಸ್ಕಿನ ಮೇಲೆ ಕ್ಲಿಕ್ ಮಾಡಿದ್ರೆ ಒಂದೋ ತೆರೀತದೆ, ಇಲ್ಲದಿದ್ರೆ ಮೌಂಟ್ ಮಾಡ್ಲಿಕ್ಕೆ (ಅಂದ್ರೆ ಡಿಸ್ಕನ್ನು ತೆರೀಲಿಕ್ಕೆ) ಆಗುವುದಿಲ್ಲ ಅಂತ ಉದ್ದ ಎರರ್ ಬರ್ತದೆ. ದೊಡ್ಡಮಾವನದ್ದರಲ್ಲಿ ಎರರ್ ಬಂತು, ಅವರ ಮುಖ ನೋಡ್ಬೇಕಿತ್ತು. ಹೆದರ್ಲಿಕ್ಕೆ ಎಂತ ಇಲ್ಲ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಉಂಟು, ನಾವು ಶಟ್‌ಡೌನ್ ಕೊಟ್ರೂ ಅದು ಪೂರ್ತಿ ಆಫ್ ಆಗದೆ ಅರ್ಧ ಹೈಬರ್ನೇಟ್ ಆಗಿ ಮಲಗ್ತದೆ, ಡಿಸ್ಕಿನ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಲ್ಲಿ ಫೈಲು ಜೋಡಿಸಿಡುವ ಕ್ರಮ) ಲೆಕ್ಕಾಚಾರ ಅರ್ಧದಲ್ಲಿ ಇರ್ತದೆ. ಅದನ್ನು ನೋಡಿ ಲಿನಕ್ಸ್ ಇದರ ಮೇಲೆ ಬರೆದ್ರೆ ಹಾಳಾದೀತು ಅಂತ ಹಿಂದೆ ಸರಿಯುವುದು. ಮರ್ಯಾದಸ್ಥ ನಡತೆ ಅದು.

ನಮಗೆ ಬರೀಲಿಕ್ಕೆ ಇಲ್ವಲ್ಲ, ಓದಿದ್ರೆ ಸಾಕು. ಕೆಲವು ಸಲ ಅದುವೇ ರೀಡ್ ಓನ್ಲಿ ಆಗಿ ತೆರೀತದೆ, ತೆರೀದಿದ್ರೆ ಕಮಾಂಡ್ ಟೈಪ್ ಮಾಡುವ ಟರ್ಮಿನಲಲ್ಲಿ ಮೌಂಟ್ ಕಮಾಂಡಿಗೆ ಆರ್‌ಒ ಅನ್ನುವ ಆಪ್ಶನ್ ಸೇರಿಸಿ ಕೊಡ್ಬೇಕು, ಒಂದೇ ಸಾಲಿನ ಕೆಲಸ. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಎನ್‌ಟಿಎಫ್‌ಎಸ್‌ಫಿಕ್ಸ್ ಓಡಿಸಿ, ಹೈಬರ್ನೇಟ್ ಫೈಲ್ ಅಳಿಸಿ ಅಂತ ಸಲಹೆ ಕೊಡುವವರು ರಾಶಿ ಸಿಕ್ತಾರೆ. ಫೈಲ್ ಹೊರಗೆ ಬರುವ ಮೊದಲು ಅಂಥದ್ದು ಎಂತದೂ ಮಾಡ್ಬೇಡಿ ಅಂತ ನನ್ನ ಅಭಿಪ್ರಾಯ, ಅವೆಲ್ಲ ಡಿಸ್ಕಿನ ಮೇಲೆ ಬರೆಯುವ ಕೆಲಸಗಳು, ನಮ್ಮ ಮಾಲು ಇನ್ನೂ ಒಳಗೇ ಉಂಟು. ವಿಂಡೋಸ್ ಏಳುವ ಮೆಷಿನಿಂದ ಬ್ಯಾಕಪ್ ತೆಗೆಯುವುದಾದ್ರೆ ಇನ್ನೂ ಸುಲಭ, ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕೊಡಿ, ಪೂರ್ತಿ ಆಫ್ ಆಗ್ತದೆ.

ತೆರೆದ ಮೇಲೆ ಯೂಸರ್ಸ್ ಫೋಲ್ಡರಿಗೆ ಹೋಗಿ ನಿಮ್ಮ ಹೆಸರಿನ ಫೋಲ್ಡರ್ ಇಡೀ ಎತ್ತಿದ್ರೆ ಮುಕ್ಕಾಲು ಕೆಲಸ ಆಯ್ತು. ಟ್ಯಾಲಿ ಇದ್ದವರು ಡೇಟಾ ಅಲ್ಲಿ ಇರುವುದಿಲ್ಲ ಅಂತ ನೆನಪಿಡಿ, ಸಾಧಾರಣ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಲ್ಲಿ ಅಥವಾ ಸಿ ಡ್ರೈವಿನ ಟ್ಯಾಲಿ ಫೋಲ್ಡರಲ್ಲಿ ಡೇಟಾ ಅಂತಲೇ ಇರ್ತದೆ. ಕ್ರೋಮಿನ ಬುಕ್‌ಮಾರ್ಕ್ ಬರ್ತದೆ, ಸೇವ್ ಮಾಡಿದ ಪಾಸ್‌ವರ್ಡ್ ಹೀಗೆ ಕಾಪಿ ಮಾಡಿದ್ರೆ ಬರುವುದಿಲ್ಲ, ಅದು ಆ ವಿಂಡೋಸ್ ಲಾಗಿನ್ನಿಗೆ ಕಟ್ಟಿದ್ದು. ಫೈರ್‌ಫಾಕ್ಸ್ ಆದ್ರೆ ಪ್ರೊಫೈಲ್ ಫೋಲ್ಡರ್ ಎತ್ತಿದ್ರೆ ಪಾಸ್‌ವರ್ಡೂ ಬರ್ತದೆ. ವನ್‌ಡ್ರೈವ್ ಫೋಲ್ಡರ್ ಒಳಗೆ ಕೆಲವು ಫೈಲು ಹೆಸರಿಗೆ ಮಾತ್ರ ಇರ್ತದೆ, ಒಳಗಿದ್ದದ್ದು ಮೈಕ್ರೋಸಾಫ್ಟಿನ ಸರ್ವರಲ್ಲಿ, ಅವು ಲಿನಕ್ಸಲ್ಲಿ ತೆರೆಯುವುದಿಲ್ಲ, ಹಾಳಾಯ್ತು ಅಂತ ಕೂಗ್ಬೇಡಿ, ಬ್ರೌಸರಲ್ಲಿ ಲಾಗಿನ್ ಆದ್ರೆ ಸಿಕ್ತದೆ.

ಇನ್ನು ನಮ್ಮವರಿಗೆ ಮುಖ್ಯ ಆದದ್ದು ನುಡಿ, ಬರಹ, ಶ್ರೀಲಿಪಿ ಫೈಲುಗಳು. ಮಿಂಟಿನ ಪೆನ್‌ಡ್ರೈವಲ್ಲಿ ಲಿಬ್ರೆ ಆಫೀಸ್ ಉಂಟು, ಕಾಪಿ ಮಾಡುವ ಮೊದಲು ಫೈಲ್ ಸರಿ ಉಂಟಾ ಅಂತ ಅಲ್ಲೇ ತೆರೆದು ನೋಡಬಹುದು. ಸ್ಮರಣ ಸಂಚಿಕೆಯ ಒಂದು ಲೇಖನ ತೆರೆದ್ರೆ ಪೂರ್ತಿ ಇಂಗ್ಲಿಷ್ ಅಕ್ಷರ, ಚಿಹ್ನೆ, ಎಂತೆಂತದೋ ಗೀಚಿದ ಹಾಗೆ ಕಾಣ್ತಾ ಇತ್ತು. ದೊಡ್ಡಮಾವ "ಹೋಯ್ತಲ್ಲ ಮಾರಾಯ, ಎಲ್ಲ ಹೋಯ್ತು" ಅಂತ ಕುರ್ಚಿಯಲ್ಲಿ ಹಿಂದೆ ಒರಗಿದ್ರು. ಹೋಗಿರ್ಲಿಲ್ಲ. ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ಯುನಿಕೋಡ್ ಅಲ್ಲ, ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿಸುವುದು. ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಉಂಟಲ್ಲ, ಅದರಿಂದ ನುಡಿಯ ಫಾಂಟ್ ಫೈಲ್ ಎತ್ತಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ಟು ಲಿಬ್ರೆ ಆಫೀಸ್ ಮುಚ್ಚಿ ಪುನಃ ತೆರೆದೆ, "ಶ್ರೀ ಕ್ಷೇತ್ರದ ಇತಿಹಾಸ" ಅಂತ ಮೊದಲ ಸಾಲು ಚೆಂದಕ್ಕೆ ಬಂತು, ಒತ್ತಕ್ಷರ ಸಮೇತ. ಹಾಗಾಗಿ ಡಾಕ್ಯುಮೆಂಟ್ ಎತ್ತಿದವರು ಆ ಫಾಂಟ್ಸ್ ಫೋಲ್ಡರನ್ನೂ ಮರೀದೆ ಎತ್ತಿ. ಹೊಸ ವಿಂಡೋಸ್ ಹಾಕಿದ ಮೇಲೆ ಆ ಹಳೇ ಶ್ರೀಲಿಪಿ ಫಾಂಟ್ ಎಲ್ಲಿ ಹುಡುಕುವುದು? ಪ್ರೆಸ್ಸಿನವರ ಕಾಲು ಹಿಡೀಬೇಕಷ್ಟೆ. ಪೇಜ್‌ಮೇಕರ್ ಫೈಲು ಕೆಲವು ಲಿಬ್ರೆ ಆಫೀಸ್ ಡ್ರಾದಲ್ಲಿ ತೆರೆದೀತು, ಸರಿಯಾಗಿ ಕಾಣ್ತದೆ ಅಂತ ನಂಬ್ಲಿಕ್ಕಾಗುವುದಿಲ್ಲ, ಹೇಗೂ ಕಾಪಿ ಮಾಡಿಬಿಡುವುದು. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳು, "ಕರ್ಣಪರ್ವ ತಾಳಮದ್ದಳೆ" ಅಂಥದ್ದು, ಸರಿಯಾಗಿಯೇ ಕಂಡಿತು, ಸರಿಯಾಗಿಯೇ ಕಾಪಿ ಆಯ್ತು.

ಕಾಪಿ ಮಾಡುವ ವಿಷಯದಲ್ಲಿ ಮಿಂಟಿನ ಫೈಲ್ ಮ್ಯಾನೇಜರ್ ನೆಮೊ ಬಗ್ಗೆ ದೂರು ಉಂಟು. ಓದ್ಲಿಕ್ಕಾಗದ ಒಂದು ಫೈಲು ಸಿಕ್ಕಿದ್ರೆ ಅದು ಅಲ್ಲೇ ನಿಂತು ಸ್ಕಿಪ್ ಮಾಡ್ಲಾ, ಕ್ಯಾನ್ಸಲ್ ಮಾಡ್ಲಾ ಅಂತ ಕೇಳಿಕೊಂಡು ಕೂರ್ತದೆ. ರಾತ್ರಿ ಕಾಪಿಗೆ ಹಾಕಿ ಮಲಗಿದ್ರೆ ಬೆಳಿಗ್ಗೆ ನೋಡುವಾಗ ನಾಲ್ಕನೇ ಪರ್ಸೆಂಟಲ್ಲಿ ಆ ಬಾಕ್ಸ್ ನಮ್ಮನ್ನೇ ಕಾಯ್ತಾ ಇರ್ತದೆ. ಸ್ಕಿಪ್ ಆಲ್ ಒತ್ತಿದ್ರೆ ಮುಂದೆ ಹೋಗ್ತದೆ, ಆದ್ರೆ ಯಾವುದನ್ನೆಲ್ಲ ಬಿಟ್ಟಿತು ಅಂತ ಪಟ್ಟಿ ಕೊಡುವುದಿಲ್ಲ. ಅದಕ್ಕೇ ದೊಡ್ಡ ಫೋಲ್ಡರಿಗೆ ಆರ್‌ಸಿಂಕ್ ಒಳ್ಳೇದು, ಮಿಂಟಲ್ಲಿ ಮೊದಲೇ ಉಂಟು, ಕಮಾಂಡ್ ಒಂದು ಸಾಲು, ಓದ್ಲಿಕ್ಕಾಗದ ಫೈಲಿನ ಹೆಸರು ಬರೆದು ತೋರಿಸಿ ತನ್ನಷ್ಟಕ್ಕೆ ಮುಂದೆ ಹೋಗ್ತದೆ. ನಡುವೆ ಕರೆಂಟ್ ಹೋದ್ರೆ ಅದೇ ಕಮಾಂಡ್ ಪುನಃ ಕೊಟ್ರೆ ಆದದ್ದನ್ನು ಬಿಟ್ಟು ಬಾಕಿ ಇದ್ದದ್ದನ್ನು ಮಾತ್ರ ಮಾಡ್ತದೆ. ನಮ್ಮಲ್ಲಿ ಕೆಎಸ್‌ಇಬಿ ಕರೆಂಟು ಮಳೆಗಾಲದಲ್ಲಿ ಹೇಗೆ ಅಂತ ಹೇಳ್ಬೇಕಾ, ದೊಡ್ಡಮಾವನ ಲ್ಯಾಪ್‌ಟಾಪಿನ ಬ್ಯಾಟರಿಗೆ ಹತ್ತು ನಿಮಿಷದ ಆಯುಸ್ಸು, ಆರ್‌ಸಿಂಕ್ ಇಲ್ಲದಿದ್ರೆ ತಲೆ ಕೆಡ್ತಿತ್ತು. ತುಲಾ ತಿಂಗಳ ಮಧ್ಯಾಹ್ನದ ಗುಡುಗಿಗೆ ಅಂತೂ ಈ ಕೆಲಸಕ್ಕೆ ಕೈ ಹಾಕ್ಲೇಬೇಡಿ, ಬೆಳಿಗ್ಗೆ ಹೊತ್ತು ಮುಗಿಸಿ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ರೂ ಸ್ಲೀಪಿಗೆ ಹೋಗ್ತದೆ, ತೆರೆದೇ ಇಡಿ.

ಸ್ಪೀಡು ಪೂರ್ತಿ ಪೋರ್ಟಿನ ಮೇಲೆ. ಯುಎಸ್‌ಬಿ 2 ಪೋರ್ಟಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಅಂತ ಹಿಡಿದ್ರೂ 100 ಜಿಬಿಗೆ ಒಂದು ಗಂಟೆ ಹತ್ತಿರ. ಯುಎಸ್‌ಬಿ 3ರಲ್ಲಿ ತಿರುಗುವ ಎಕ್ಸ್‌ಟರ್ನಲ್ ಡಿಸ್ಕ್ ಆದ್ರೆ 100 ಎಂಬಿ ಹತ್ತಿರ ಬರ್ತದೆ, ಕಾಲು ಗಂಟೆಗೆ ಸ್ವಲ್ಪ ಮೇಲೆ. ಸಣ್ಣ ಸಣ್ಣ ಫೈಲು ಸಾವಿರಗಟ್ಟಲೆ ಇದ್ರೆ ಈ ಲೆಕ್ಕ ಎಲ್ಲ ಬೊಗಳೆ, ಇನ್ನೂ ನಿಧಾನ ಆಗ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್ 32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಮದುವೆ ವಿಡಿಯೋ ಇದ್ದವರು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರುವ ಡಿಸ್ಕೇ ಇಟ್ಟುಕೊಳ್ಳಿ. 100 ಪರ್ಸೆಂಟ್ ಆಯ್ತು ಅಂತ ವಯರ್ ಎಳೀಬೇಡಿ, ಲಿನಕ್ಸ್ ಸ್ವಲ್ಪ ಮಾಲನ್ನು ರ‍್ಯಾಮಲ್ಲಿ ಇಟ್ಟುಕೊಂಡು ಆಮೇಲೆ ಬರೀತದೆ, ಇಜೆಕ್ಟ್ ಒತ್ತಿ ಈಗ ತೆಗೀಬಹುದು ಅಂತ ಹೇಳುವವರೆಗೆ ಕೂರ್ಬೇಕು. ಎಕ್ಸ್‌ಟರ್ನಲ್ ಡಿಸ್ಕೇ ಇಲ್ಲದಿದ್ರೆ ಮಿಂಟಲ್ಲಿ ವಾರ್ಪಿನೇಟರ್ ಅಂತ ಉಂಟು, ಒಂದೇ ವೈಫೈಯಲ್ಲಿ ಇರುವ ಇನ್ನೊಂದು ಮಿಂಟ್ ಕಂಪ್ಯೂಟರಿಗೆ ಕಳಿಸಬಹುದು, ಸಣ್ಣಪುಟ್ಟ ಫೋಲ್ಡರಿಗೆ ಪಾಸು.

ಈಗ ಬಾಕಿ ಅರ್ಧ ಮಾರ್ಕು ಎಲ್ಲಿ ಹೋಯ್ತು ಅಂತ. ಬಿಟ್‌ಲಾಕರ್, ಅಂದ್ರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರ್ತದೆ, ವಿಂಡೋಸ್ 11ರ 24ಎಚ್2 ವರ್ಶನ್ ಬಂದ ಮೇಲೆ ಹೊಸದಾಗಿ ಹಾಕಿದ್ದರಲ್ಲಿ ಇದು ಇನ್ನೂ ಹೆಚ್ಚು. ಆಗ ಲಿನಕ್ಸಲ್ಲಿ ಡಿಸ್ಕ್ ಮೇಲೆ ಒಂದು ಬೀಗದ ಚಿತ್ರ ಬರ್ತದೆ. ನಿಮ್ಮ ಹತ್ರ 48 ಅಂಕಿಯ ರಿಕವರಿ ಕೀ ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟಿಗೆ ಫೋನಿಂದ ಲಾಗಿನ್ ಆದ್ರೆ ಸಾಧಾರಣ ಅಲ್ಲಿ ಸೇವ್ ಆಗಿರ್ತದೆ. ಲಿನಕ್ಸಿನ ಕ್ರಿಪ್ಟ್‌ಸೆಟಪ್ 2020ರಿಂದ ಬಿಟ್‌ಲಾಕರನ್ನು ತೆರೀತದೆ, ಡಿಸ್‌ಲಾಕರ್ ಅಂತ ಬೇರೆ ಟೂಲೂ ಉಂಟು, ಹಾಗಾಗಿ ಕೀ ಇದ್ರೆ ದಾರಿ ಉಂಟು. ಕೀ ಇಲ್ವಾ, ಹಾಗಾದ್ರೆ ಮಿಂಟ್ ಅಲ್ಲ ಯಾರಪ್ಪ ಬಂದ್ರೂ ಆಗುವುದಿಲ್ಲ. ಇದು ಮಿಂಟಿನ ತಪ್ಪಲ್ಲ, ಒಪ್ತೇನೆ, ಆದ್ರೆ ಫೈಲ್ ಮ್ಯಾನೇಜರಲ್ಲಿ ಈ ಕೀಯನ್ನು ಎಲ್ಲಿ ಹೇಗೆ ಹಾಕುವುದು ಅಂತ ಸಾಮಾನ್ಯರಿಗೆ ಅರ್ಥ ಆಗುವ ಹಾಗೆ ಎಲ್ಲಿಯೂ ಇಲ್ಲ, ಕೆಲವು ಸಲ ಟರ್ಮಿನಲ್ಲೇ ಗತಿ. ವಿಂಡೋಸ್ ಸರಿ ಇರುವಾಗಲೇ ಆ 48 ಅಂಕಿಯನ್ನು ಬರೆದು ಗೋದ್ರೇಜಿನೊಳಗೆ ಇಡಿ. ಬಯಾಸಿನ ಸೆಕ್ಯೂರ್ ಬೂಟನ್ನು ಅನಾವಶ್ಯಕ ಆಫ್ ಮಾಡ್ಲಿಕ್ಕೂ ಹೋಗ್ಬೇಡಿ, ಹಾಗೆ ಮಾಡಿದ್ರೆ ವಿಂಡೋಸೇ ಆಮೇಲೆ ಆ ಕೀ ಕೇಳ್ಲಿಕ್ಕೆ ಶುರು ಮಾಡ್ತದೆ.

ಕೆಲವು ಲ್ಯಾಪ್‌ಟಾಪಲ್ಲಿ ಡಿಸ್ಕೇ ಕಾಣುವುದಿಲ್ಲ. ಬಯಾಸಲ್ಲಿ ಸ್ಟೋರೇಜ್ ಮೋಡ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇದ್ರೆ ಹಾಗೆ ಆಗುವುದುಂಟು, ಎಎಚ್‌ಸಿಐ ಮಾಡಿದ್ರೆ ಕಾಣ್ತದೆ. ಕೆಲಸ ಮುಗಿದ ಮೇಲೆ ಮೊದಲಿದ್ದ ಹಾಗೇ ಮಾಡಿಡಿ, ಇಲ್ಲದಿದ್ರೆ ವಿಂಡೋಸ್ ನೀಲಿ ಬಣ್ಣಕ್ಕೆ ತಿರುಗ್ತದೆ.

ಇಷ್ಟು ಹೊತ್ತು ಹೇಳಿದ್ದು ಡಿಸ್ಕ್ ಗಟ್ಟಿ ಇದ್ದು ವಿಂಡೋಸ್ ಮಾತ್ರ ಕೆಟ್ಟಾಗ. ಡಿಸ್ಕೇ ಕೆಟ್ಟಿದ್ರೆ ಆಟ ಬೇರೆ. ಮಿಂಟಿನ ಡಿಸ್ಕ್ಸ್ ಅನ್ನುವ ಪ್ರೋಗ್ರಾಮಲ್ಲಿ ಸ್ಮಾರ್ಟ್ ಡೇಟಾ ಅಂತ ಡಿಸ್ಕಿನ ಆರೋಗ್ಯದ ವರದಿ ಉಂಟು, ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎರಡು ಸಾಲು ನೋಡಿ. ಸೊನ್ನೆ ಇದ್ರೆ ನೆಮ್ಮದಿ, ಪೆಂಡಿಂಗ್ ಏರ್ತಾ ಹೋದ್ರೆ ಡಿಸ್ಕ್ ಹೊರಡುವ ತಯಾರಿಯಲ್ಲಿ ಉಂಟು. ಅಂಥ ಡಿಸ್ಕಿಂದ ಒಂದೊಂದೇ ಫೋಲ್ಡರ್ ಎಳೀಲಿಕ್ಕೆ ಹೋದ್ರೆ ಅದು ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡು ಒದ್ದಾಡಿ ಇನ್ನೂ ಬೇಗ ಸಾಯ್ತದೆ. ಅದಕ್ಕೆ ಸಿಸ್ಟಮ್‌ರೆಸ್ಕ್ಯೂ ಅಂತ ಇನ್ನೊಂದು ಲಿನಕ್ಸ್ ಪೆನ್‌ಡ್ರೈವಲ್ಲಿ ಇಟ್ಟುಕೊಂಡಿದ್ದೇನೆ, ಎದ್ದಾಗ ಕಪ್ಪು ಪರದೆ ಮಾತ್ರ ಬರ್ತದೆ, ಸ್ಟಾರ್ಟ್‌ಎಕ್ಸ್ ಅಂತ ಟೈಪ್ ಮಾಡಿದ್ರೆ ಡೆಸ್ಕ್‌ಟಾಪ್ ಸಿಕ್ತದೆ. ಅದರಲ್ಲಿ ಡಿಡಿರೆಸ್ಕ್ಯೂ ಉಂಟು. ಡಿಡಿರೆಸ್ಕ್ಯೂವಿನ ಬುದ್ಧಿ ನನಗೆ ಭಾರೀ ಇಷ್ಟ, ಮೊದಲು ಸುಲಭದಲ್ಲಿ ಸಿಗುವ ಜಾಗ ಎಲ್ಲ ಓದಿ ಮುಗಿಸ್ತದೆ, ಕೆಟ್ಟ ಜಾಗ ಬಂದ್ರೆ ಹಾರಿ ಮುಂದೆ ಹೋಗ್ತದೆ, ಕೊನೆಗೆ ಆ ಬಿಟ್ಟದ್ದಕ್ಕೆ ತಿರುಗಿ ಬರ್ತದೆ, ಎಲ್ಲಿವರೆಗೆ ಆಯ್ತು ಅಂತ ಮ್ಯಾಪ್ ಫೈಲಲ್ಲಿ ಬರೆದಿಡ್ತದೆ, ನಿಲ್ಲಿಸಿ ನಾಳೆ ಮುಂದುವರಿಸಬಹುದು. ಇಡೀ ಡಿಸ್ಕಿನ ನಕಲು ಆಗುವ ಕಾರಣ ಹಾಕುವ ಡಿಸ್ಕ್ ಕೆಟ್ಟದ್ದಕ್ಕಿಂತ ದೊಡ್ಡದು ಬೇಕು. ಆಮೇಲೆ ಆ ನಕಲಿಂದ ಫೈಲು ಎತ್ತುವುದು. ಇದು ಟರ್ಮಿನಲ್ ಕೆಲಸವೇ, ಯಾವುದು ಸೋರ್ಸು ಯಾವುದು ಟಾರ್ಗೆಟ್ಟು ಅಂತ ಅದಲುಬದಲಾದ್ರೆ ಖಾಲಿ ಡಿಸ್ಕನ್ನು ಫೋಟೋಗಳ ಮೇಲೆ ಬರೆದ ಹಾಗಾಗ್ತದೆ, ಗೊತ್ತಿದ್ದವರನ್ನೇ ಕರೀರಿ.

ಡಿಸ್ಕ್ ಟಕ್ ಟಕ್ ಅಂತ ಶಬ್ದ ಮಾಡ್ತಾ ಇದ್ರೆ ಯಾವ ಲಿನಕ್ಸೂ ಬೇಡ, ಆಫ್ ಮಾಡಿ ಇಡಿ. ಅದು ಬಿಚ್ಚಿ ಧೂಳಿಲ್ಲದ ಕ್ಲೀನ್ ರೂಮಲ್ಲಿ ನೋಡುವವರ ಕೆಲಸ. ಮಂಗಳೂರಲ್ಲಿ ಒಬ್ಬರ ಹತ್ರ ದೊಡ್ಡಮಾವನ ಪರವಾಗಿ ಫೋನಲ್ಲಿ ಕೇಳಿದ್ದೆ, ಡಿಸ್ಕಿಗೆ ಎಂತ ಆಗಿದೆ ಅಂತ ಕೇಳದೆಯೇ ಸಾವಿರಗಳ ಲೆಕ್ಕ ಶುರು ಮಾಡಿದ್ರು. ಕ್ಲೀನ್ ರೂಮ್ ಕೆಲಸಕ್ಕೆ ಆ ದುಡ್ಡು ನ್ಯಾಯವೇ, ಬೂಟ್ ಆಗದ ವಿಂಡೋಸಿಗೆ ಕೊಟ್ರೆ ದಂಡ.

ಹೋಲಿಕೆಗೆ ರೆಸ್ಕ್ಯೂಝಿಲ್ಲಾ ಕೂಡ ನೋಡಿದ್ದೇನೆ. ಡಿಸ್ಕಿನ ನಕಲು ತೆಗೆಯುವ ಕ್ಲೋನ್‌ಝಿಲ್ಲಾದ್ದೇ ಕೆಲಸ, ಆದ್ರೆ ಬಟನ್ ಒತ್ತಿ ಮಾಡುವ ಹಾಗೆ ಉಂಟು, ಟರ್ಮಿನಲ್ ಮುಟ್ಟುವುದೇ ಬೇಡ. ಅದು ಡಿಸ್ಕಿನ ತುಂಬಿದ ಜಾಗವನ್ನು ಮಾತ್ರ ಇಮೇಜ್ ಮಾಡಿ ಇಡ್ತದೆ, ಹೊಸ ಎಸ್‌ಎಸ್‌ಡಿ ಹಾಕುವ ಮೊದಲು, ವಿಂಡೋಸ್ ಸರಿ ಇರುವಾಗ ಪೂರ್ತಿ ಬ್ಯಾಕಪ್ ತೆಗೀಲಿಕ್ಕೆ ಮಿಂಟಿಗಿಂತ ಅದುವೇ ಒಳ್ಳೇದು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೇ ಕಂಪ್ಯೂಟರ್ ಬದಲಿಸ್ತಾ ಇರುವವರು ಒಂದು ಇಮೇಜ್ ತೆಗೆದಿಟ್ಟುಕೊಂಡ್ರೆ ಲಾಭವೇ. ಒಂದೊಂದು ಫೋಟೋ ಆರಿಸಿ ತೆಗೀಬೇಕು, ತೆರೆದು ನೋಡ್ಬೇಕು ಅಂದ್ರೆ ಮಿಂಟ್. ವಿಂಡೋಸಿನ ರಿಪೇರ್ ಮೆನುವಿನ ಕಮಾಂಡ್ ಪ್ರಾಂಪ್ಟಿಂದ ನೋಟ್‌ಪ್ಯಾಡ್ ತೆರೆದು ಅದರ ಓಪನ್ ಬಾಕ್ಸಲ್ಲಿ ಫೈಲ್ ಕಾಪಿ ಮಾಡುವ ಉಪಾಯವೂ ಒಂದು ಉಂಟು, ಪೆನ್‌ಡ್ರೈವ್ ಮಾಡ್ಲಿಕ್ಕೆ ಇನ್ನೊಂದು ಕಂಪ್ಯೂಟರ್ ಇಲ್ಲದವರಿಗೆ ಆದೀತು, ನೂರು ಜಿಬಿ ತಾಳಮದ್ದಳೆಗೆ ಅದು ಆಗುವ ಮಾತಲ್ಲ.

ಖರ್ಚಿನ ಲೆಕ್ಕ ಕೇಳಿದ್ರೆ ಪೆನ್‌ಡ್ರೈವ್ ಮನೆಯಲ್ಲೇ ಇತ್ತು, ಎಕ್ಸ್‌ಟರ್ನಲ್ ಡಿಸ್ಕಿಗೆ ದೊಡ್ಡಮಾವ ನಾಲ್ಕೈದು ಸಾವಿರ ಹಾಕಿದ್ರು, ಅದು ಹೇಗೂ ಮೊದಲೇ ಬೇಕಿದ್ದದ್ದು. ಫೈಲು ಎಲ್ಲ ಬಂದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಸೈಜು, ಫೈಲಿನ ಲೆಕ್ಕ ಹೊಂದಿಸಿ ನೋಡಿ, ನಾಲ್ಕಾರು ಎಂಪಿ3 ಅಲ್ಲಲ್ಲಿ ಪ್ಲೇ ಮಾಡಿಸಿದೆ. ಆಮೇಲೆಯೇ ಲ್ಯಾಪ್‌ಟಾಪನ್ನು ಪುನಃ ಅದೇ ಅಂಗಡಿಗೆ ಕಳಿಸಿದ್ದು, ಈಗ ಬೇಕಾದ್ರೆ ಫಾರ್ಮ್ಯಾಟ್ ಮಾಡ್ಲಿ ಅಂತ.

ತುಂಬ ಹಳೇ 32 ಬಿಟ್ ಮೆಷಿನ್ ಇದ್ದವರು ಮಿಂಟ್ 22 ಇಳಿಸಿ ಸಮಯ ಹಾಳು ಮಾಡ್ಬೇಡಿ, ಮಿಂಟಿನ ಮುಖ್ಯ ಎಡಿಶನಲ್ಲಿ 20ರಿಂದಲೇ 32 ಬಿಟ್ ಇಲ್ಲ. ಅಂಥದ್ದಕ್ಕೆ ಪಪ್ಪಿ ಲಿನಕ್ಸಿನ ಹಳೇ 32 ಬಿಟ್ ವರ್ಶನ್ ನೋಡಿ, ಕೆಲವು ನೂರು ಎಂಬಿ ಅಷ್ಟೇ, ನೋಡ್ಲಿಕ್ಕೆ ಚೆಂದ ಇಲ್ಲ, ಫೈಲ್ ಎತ್ತಲಿಕ್ಕೆ ಧಾರಾಳ ಸಾಕು.